ಅಮೆರಿಕದಲ್ಲಿ ಹೋಮ್‌ಸ್ಕೂಲಿಂಗ್: ನದಿಯ ಈ ದಡಕ್ಕೊಂದು ಕಾನೂನು, ಆ ದಡಕ್ಕೊಂದು

ಪ್ರಶ್ನೆ: ಮೇಡಂ, ನಾವು ದಾವಣಗೆರೆಯವರು. ಐದು ವರ್ಷದಿಂದ ಟೆಕ್ಸಸ್‌ನ ಫ್ರಿಸ್ಕೋದಲ್ಲಿದ್ದೇವೆ. ನಮ್ಮ ಯಜಮಾನರದ್ದು ಎಚ್-1ಬಿ ಕೆಲಸದ ವೀಸಾ, ನನ್ನದು ಅವರ ಹೆಂಡತಿಯಾಗಿ ಸಿಕ್ಕ ಎಚ್-4 ವೀಸಾ. ಮಗಳಿಗೆ 8 ವರ್ಷ, ಮೂರನೇ ಗ್ರೇಡ್. ಮಗನಿಗೆ 5, ಕಿಂಡರ್‌ಗಾರ್ಟನ್‌ಗೆ ಹೋಗ್ತಿದ್ದಾನೆ. ಇಬ್ಬರನ್ನೂ ಮನೆಯಲ್ಲೇ ಓದಿಸೋಣ ಅಂತ ತೀರ್ಮಾನ ಮಾಡಿದ್ದೇವೆ. ಇಲ್ಲಿನ ಗೆಳತಿ "ಯಾರಿಗೂ ಏನೂ ಹೇಳೋದು ಬೇಡ" ಅಂತಾಳೆ. ಪೆನ್ಸಿಲ್ವೇನಿಯಾದಲ್ಲಿರೋ ನಮ್ಮ ದೊಡ್ಡಮ್ಮನ ಮಗಳು "ನೋಟರಿ ಮಾಡಿಸಬೇಕು, ಟೆಸ್ಟ್ ಬರೆಸಬೇಕು, ಫೈಲ್ ಇಡಬೇಕು" ಅಂತಾಳೆ. ಇದರ ಮಧ್ಯೆ ಜನವರಿಗೆ ಇವರಿಗೆ ಪ್ರಿನ್ಸ್‌ಟನ್ ಹತ್ತಿರದ ಆಫೀಸಿಗೆ ವರ್ಗ ಆಗೋ ಹಾಗಿದೆ. ಅತ್ತೆಯವರಿಗೆ ಪೊಲೀಸರು ಬಂದು ಮಕ್ಕಳನ್ನ ಕರ್ಕೊಂಡು ಹೋಗ್ತಾರೇನೋ ಅನ್ನೋ ಭಯ. ಯಾರ ಮಾತು ನಿಜ? ಮುಂದೆ ಊರಿಗೆ ವಾಪಸ್ ಬಂದರೆ ಮಕ್ಕಳ ಗತಿ ಏನು?

ಉತ್ತರ: ಇಬ್ಬರ ಮಾತೂ ನಿಜ. ನಿಮ್ಮ ಗೆಳತಿ ಹೇಳುತ್ತಿರುವುದು ಟೆಕ್ಸಸ್ ಕಾನೂನು, ನಿಮ್ಮ ಅಕ್ಕ ಹೇಳುತ್ತಿರುವುದು ಪೆನ್ಸಿಲ್ವೇನಿಯಾ ಕಾನೂನು. ಇಬ್ಬರೂ ತಮ್ಮ ತಮ್ಮ ಮನೆಯ ವಿಚಾರ ಸರಿಯಾಗಿಯೇ ಹೇಳಿದ್ದಾರೆ, ಆದರೆ ನಿಮ್ಮ ಮನೆ ಜನವರಿಯಲ್ಲಿ ಎಲ್ಲಿರುತ್ತದೆ ಅನ್ನುವುದು ಇಬ್ಬರಿಗೂ ಗೊತ್ತಿಲ್ಲ. ಕಾನೂನಿಗೆ ಬೇಕಾಗಿರುವುದು ಅದೊಂದೇ. ರಾತ್ರಿ ಮಕ್ಕಳು ಯಾವ ರಾಜ್ಯದ ಮನೆಯಲ್ಲಿ ಮಲಗುತ್ತಾರೋ ಆ ರಾಜ್ಯದ ನಿಯಮ. ಗಂಡನ ಆಫೀಸು ಎಲ್ಲಿದೆ ಅಂತ ಯಾರೂ ಕೇಳುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ವಕೀಲಳಲ್ಲ. ನನ್ನ ಇಬ್ಬರು ಮಕ್ಕಳನ್ನು ಮೊದಲು ಟೆಕ್ಸಸ್‌ನಲ್ಲಿ, ಆಮೇಲೆ ಪೆನ್ಸಿಲ್ವೇನಿಯಾದಲ್ಲಿ ಮನೆಯಲ್ಲೇ ಓದಿಸಿದವಳು. ಈಗ ನಮ್ಮವರು ಯಾರಾದರೂ ಶುರು ಮಾಡುತ್ತೇವೆ ಅಂದರೆ ಕಾಗದಪತ್ರಕ್ಕೆ ಜೊತೆ ಕೂರುತ್ತೇನೆ, ಅಷ್ಟೇ.

ಇಷ್ಟು ವರ್ಷದಲ್ಲಿ ನಾನು ನೋಡಿದ್ದು ಒಂದು. ಎಲ್ಲರೂ ಯಾವ ಕರಿಕುಲಮ್, ಅಂದರೆ ಪಠ್ಯಕ್ರಮ, ತಗೋಬೇಕು ಅಂತ ಮೂರು ತಿಂಗಳು ತಲೆ ಕೆಡಿಸಿಕೊಳ್ಳುತ್ತಾರೆ, ಶಾಲೆಯಿಂದ ಮಗುವನ್ನು ಬಿಡಿಸುವ ಪತ್ರಕ್ಕೆ ಮೂರು ನಿಮಿಷವನ್ನೂ ಕೊಡುವುದಿಲ್ಲ. ತೊಂದರೆ ಬರುವುದು ಮಾತ್ರ ಆ ಪತ್ರದಿಂದಲೇ. ಹೋಮ್‌ಸ್ಕೂಲಿಂಗ್ ಸರಿಯಾಗಿ ಮಾಡಲಿಲ್ಲ ಅಂತ ಸಿಕ್ಕಿಬಿದ್ದವರನ್ನು ನಾನು ಕಂಡಿಲ್ಲ. ಶಾಲೆ ಬಿಟ್ಟದ್ದನ್ನು ಸರಿಯಾಗಿ ತಿಳಿಸದೆ ಸಿಕ್ಕಿಬಿದ್ದವರನ್ನು ಬೇಕಾದಷ್ಟು ಕಂಡಿದ್ದೇನೆ. ಅವರಲ್ಲಿ ಮೊದಲನೆಯವಳು ನಾನೇ! ದೊಡ್ಡವನನ್ನು ಬಿಡಿಸುವಾಗ ಕ್ಲಾಸ್ ಟೀಚರ್‌ಗೆ ಬಾಯಲ್ಲಿ ಹೇಳಿ ಬಂದಿದ್ದೆ. ಆಕೆ ಮಗನನ್ನು ತಬ್ಬಿಕೊಂಡು, ಮಕ್ಕಳೆಲ್ಲ ಸಹಿ ಹಾಕಿದ ಕಾರ್ಡ್ ಕೊಟ್ಟು ಕಳಿಸಿದರು. ಮುಗಿಯಿತು ಅಂದುಕೊಂಡೆ. ಆದರೆ ಆಫೀಸಿನ ಕಂಪ್ಯೂಟರ್‌ನಲ್ಲಿ ಅವನ ಹೆಸರು ಹಾಗೇ ಇತ್ತು. ದಿನಾ ಬೆಳಗ್ಗೆ "ನಿಮ್ಮ ಮಗು ಇಂದು ಗೈರುಹಾಜರು" ಅನ್ನುವ ಫೋನು. ಮೂರನೇ ವಾರ ಕೋರ್ಟು ಅನ್ನುವ ಪದ ಇದ್ದ ಒಂದು ಪತ್ರ. ಆ ಸಂಜೆ ನನಗೆ ಅನ್ನ ಇಳಿಯಲಿಲ್ಲ.

ಸರಿ, ನಿಮ್ಮ ವಿಷಯಕ್ಕೆ ಬರೋಣ. ಅಮೆರಿಕದಲ್ಲಿ ಹೋಮ್‌ಸ್ಕೂಲಿಂಗ್‌ಗೆ ದೇಶಕ್ಕೆಲ್ಲ ಅನ್ವಯಿಸುವ ಒಂದು ಕಾನೂನು ಅಂತ ಇಲ್ಲ. ಶಿಕ್ಷಣ ರಾಜ್ಯಗಳ ಕೈಯಲ್ಲಿದೆ. 1925ರಲ್ಲಿ, ಎಲ್ಲ ಮಕ್ಕಳೂ ಸರ್ಕಾರಿ ಶಾಲೆಗೇ ಬರಬೇಕು ಅಂತ ಆರಿಗನ್ ರಾಜ್ಯ ಮಾಡಿದ್ದ ಕಾನೂನನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಮಗುವನ್ನು ಹೇಗೆ ಬೆಳೆಸಬೇಕು ಅನ್ನುವುದರಲ್ಲಿ ತಂದೆತಾಯಿಗೆ ಹಕ್ಕಿದೆ, ಆದರೆ ರಾಜ್ಯಕ್ಕೂ ನಿಯಮ ಮಾಡುವ ಅಧಿಕಾರ ಇದೆ ಅನ್ನುವುದು ಅಲ್ಲಿಂದ ಬಂದದ್ದು. ಇವತ್ತು 50 ರಾಜ್ಯಗಳಲ್ಲೂ ಇದು ಕಾನೂನುಬದ್ಧ. ನಿಯಮ ಮಾತ್ರ ಒಂದೊಂದು ಕಡೆ ಒಂದೊಂದು ಥರ.

ಟೆಕ್ಸಸ್‌ನಲ್ಲಿ ಇದು ಇಷ್ಟು ಸಲೀಸಾಗಿರುವುದು ಒಂದು ಕೇಸಿನಿಂದ. 1980ರ ದಶಕದ ಮೊದಲಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಮನೆಯಲ್ಲಿ ಓದಿಸುವುದು ಶಾಲೆಯೇ ಅಲ್ಲ ಅನ್ನುವ ನಿಲುವು ತಗೊಂಡು ಹಲವು ತಂದೆತಾಯಂದಿರು ಕೋರ್ಟು ಹತ್ತುವಂತಾಯಿತು. ಅವರು ತಿರುಗಿ ಕೇಸು ಹಾಕಿದರು. ಲೀಪರ್ ಕೇಸ್ ಅಂತ ಅದರ ಹೆಸರು. 1987ರಲ್ಲಿ ಕೆಳಗಿನ ಕೋರ್ಟಿನಲ್ಲಿ ಗೆದ್ದರು, 1994ರಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅಂದಿನಿಂದ ಟೆಕ್ಸಸ್‌ನಲ್ಲಿ ನಿಮ್ಮ ಊಟದ ಮೇಜೇ ಒಂದು ಖಾಸಗಿ ಶಾಲೆ. ಕಾನೂನು ಕೇಳುವುದು ಇಷ್ಟೇ: ಪಾಠ ನಿಜವಾಗಿ ನಡೆಯಬೇಕು, ತೋರಿಕೆಗಲ್ಲ. ಪುಸ್ತಕವೋ ವರ್ಕ್‌ಬುಕ್ಕೋ ವಿಡಿಯೋನೋ, ಕಣ್ಣಿಗೆ ಕಾಣುವ ಕರಿಕುಲಮ್ ಇರಬೇಕು. ಓದು, ಸ್ಪೆಲಿಂಗ್, ವ್ಯಾಕರಣ, ಗಣಿತ, ಒಳ್ಳೆಯ ಪ್ರಜೆಯಾಗಿ ಬಾಳುವ ಪಾಠ ಈ ಐದು ಅದರಲ್ಲಿರಬೇಕು. ಹೌದು, ಪಟ್ಟಿಯಲ್ಲಿ ವಿಜ್ಞಾನವೇ ಇಲ್ಲ. ಅದಕ್ಕೆ ಅಂತ ಕಲಿಸದೆ ಬಿಡಬೇಡಿ, ದಯವಿಟ್ಟು. ನೋಂದಣಿ ಇಲ್ಲ, ಪರೀಕ್ಷೆ ಇಲ್ಲ, ತಾಯಿ ಇಷ್ಟು ಓದಿರಬೇಕು ಅಂತ ಇಲ್ಲ, ವರ್ಷಕ್ಕೆ ಇಷ್ಟು ದಿನ ಅಂತಲೂ ಇಲ್ಲ.

ಹಾಗಾದರೆ ಯಾರಿಗೂ ಹೇಳೋದು ಬೇಡ ಅಂದ ಗೆಳತಿ ಸರಿ ಅಲ್ವಾ? ಅವರ ಮಕ್ಕಳು ಒಂದು ದಿನವೂ ಸರ್ಕಾರಿ ಶಾಲೆಗೆ ಹೋಗಿಲ್ಲದಿದ್ದರೆ ನೂರಕ್ಕೆ ನೂರು ಸರಿ. ನಿಮ್ಮ ಮಕ್ಕಳ ಹೆಸರು ಶಾಲೆಯ ರಿಜಿಸ್ಟರ್‌ನಲ್ಲಿದೆ. ಆರು ತಿಂಗಳ ಒಳಗೆ ಹತ್ತು ದಿನ, ಅಥವಾ ದಿನದ ಒಂದು ಭಾಗದಂತೆ ಹತ್ತು ಸಲ, ಕಾರಣ ಇಲ್ಲದೆ ತಪ್ಪಿಸಿಕೊಂಡರೆ ಟೆಕ್ಸಸ್‌ನಲ್ಲಿ ವಿಷಯ ಕೋರ್ಟಿಗೆ ಹೋಗಬಹುದು, ತಂದೆತಾಯಿಗೆ ದಂಡ ಬೀಳಬಹುದು. ಮಗನಿಗೆ ಇನ್ನೂ ಐದು ವರ್ಷ, ಕಡ್ಡಾಯ ವಯಸ್ಸು ಆರು, ಅವನದ್ದು ಬಿಡಿ ಅಂತ ನಿಮಗೆ ಯಾರಾದರೂ ಹೇಳುತ್ತಾರೆ. ನಂಬಬೇಡಿ. ಕಿಂಡರ್‌ಗಾರ್ಟನ್‌ಗೆ ನೀವಾಗಿಯೇ ಸೇರಿಸಿದ್ದರೂ ಹೆಸರು ಇರುವಷ್ಟು ದಿನ ಹಾಜರಾತಿ ನಿಯಮ ಅವನಿಗೂ ಇದೆ. ಇಬ್ಬರಿಗೂ ಪತ್ರ ಕೊಡಿ.

ಪತ್ರದಲ್ಲಿ ನಾಲ್ಕೇ ವಾಕ್ಯ ಸಾಕು. ಮಗುವಿನ ಹೆಸರು ಮತ್ತು ಗ್ರೇಡ್. ಇಂಥ ತಾರೀಖಿನಿಂದ ಶಾಲೆಯಿಂದ ಬಿಡಿಸುತ್ತಿದ್ದೇವೆ. ಅಂದಿನಿಂದ ಮನೆಯಲ್ಲೇ ಓದಿಸುತ್ತೇವೆ. ಆ ಐದು ವಿಷಯಗಳಿರುವ ಕರಿಕುಲಮ್ ನಮ್ಮ ಹತ್ತಿರ ಇದೆ. ಕೆಳಗೆ ಸಹಿ. ಯಾಕೆ ಬಿಡಿಸುತ್ತಿದ್ದೇವೆ ಅಂತ ಬರೆಯಬೇಡಿ. ನಮ್ಮವರಿಗೆ ಕಾರಣ ಹೇಳದಿದ್ದರೆ ಮರ್ಯಾದೆ ಅಲ್ಲ ಅನಿಸುತ್ತದೆ, ಒಂದು ಪುಟ ಕಷ್ಟಸುಖ ಬರೆಯುತ್ತಾರೆ, ಆಮೇಲೆ ಆ ಕಷ್ಟಸುಖದ ಮೇಲೆ ಮೀಟಿಂಗ್ ಕರೆಯುತ್ತಾರೆ. ಬೇಡ. ಈಮೇಲ್ ಮಾಡಿ, ಜೊತೆಗೆ ಪೋಸ್ಟ್ ಆಫೀಸಿನಿಂದ ಸರ್ಟಿಫೈಡ್ ಮೇಲ್ ಕೂಡ ಕಳಿಸಿ, ಪತ್ರ ತಲುಪಿತು ಅಂತ ಅಂಚೆಯಲ್ಲಿ ವಾಪಸ್ ಬರುವ ಹಸಿರು ರಸೀದಿ ಕಾರ್ಡನ್ನು ಪಾಸ್‌ಪೋರ್ಟ್ ಇಟ್ಟಷ್ಟು ಜೋಪಾನವಾಗಿಡಿ. ಖುದ್ದಾಗಿ ಬನ್ನಿ, ಪುಸ್ತಕಗಳನ್ನು ತಂದು ತೋರಿಸಿ ಅಂತ ಆಫೀಸಿನವರು ಕೇಳಿದರೆ ನಯವಾಗಿ ಬೇಡ ಅನ್ನಬಹುದು. ಅದು ಅಗತ್ಯವಿಲ್ಲ ಅಂತ ಟೆಕ್ಸಸ್ ಶಿಕ್ಷಣ ಇಲಾಖೆಯೇ ಹೇಳಿದೆ. ಒಂದು ವಿಷಯ ಮರೆಯಬೇಡಿ. ಪತ್ರದಲ್ಲಿ ಹಾಕಿದ ತಾರೀಖಿಗೂ ನೀವು ಪಾಠ ಶುರು ಮಾಡುವ ದಿನಕ್ಕೂ ನಡುವೆ ಖಾಲಿ ದಿನ ಇರಬಾರದು.

ಈಗ ಜನವರಿ. ಇಲ್ಲೇ ನಿಮ್ಮ ಕಥೆ ಸ್ವಾರಸ್ಯವಾಗುವುದು. ಪ್ರಿನ್ಸ್‌ಟನ್ ಇರುವುದು ನ್ಯೂಜೆರ್ಸಿಯಲ್ಲಿ. ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಡೆಲವೇರ್ ನದಿ, ಸೇತುವೆ ದಾಟಿದರೆ ಪೆನ್ಸಿಲ್ವೇನಿಯಾದ ಬಕ್ಸ್ ಕೌಂಟಿ. ಪ್ರಿನ್ಸ್‌ಟನ್ ಕಡೆ ಕೆಲಸ ಮಾಡುವ ನಮ್ಮವರು ಎರಡೂ ದಡದಲ್ಲಿದ್ದಾರೆ. ಪ್ಲೇನ್ಸ್‌ಬರೋ, ವೆಸ್ಟ್ ವಿಂಡ್ಸರ್ ಅಂದರೆ ನ್ಯೂಜೆರ್ಸಿ. ಯಾರ್ಡ್ಲಿ, ನ್ಯೂಟೌನ್ ಅಂದರೆ ಪೆನ್ಸಿಲ್ವೇನಿಯಾ. ಮನೆ ಹುಡುಕುವಾಗ ಬಾಡಿಗೆ, ಟ್ಯಾಕ್ಸ್, ಗ್ರಾಸರಿ ಅಂಗಡಿ ಎಲ್ಲ ನೋಡುತ್ತೀರಿ. ಇದನ್ನೂ ನೋಡಿ.

ನ್ಯೂಜೆರ್ಸಿಯ ಕಾನೂನಿನಲ್ಲಿ ಹೋಮ್‌ಸ್ಕೂಲಿಂಗ್ ಅನ್ನುವ ಪದವೇ ಇಲ್ಲ. 6ರಿಂದ 16 ವರ್ಷದ ಮಗು ಸರ್ಕಾರಿ ಶಾಲೆಗೆ ಹೋಗಬೇಕು, ಇಲ್ಲವೇ ಅದಕ್ಕೆ ಸಮನಾದ ಪಾಠವನ್ನು ಶಾಲೆಯಲ್ಲದೆ ಬೇರೆ ಕಡೆ ಪಡೆಯಬೇಕು ಅಂತ ಇದೆ. ಆ "ಬೇರೆ ಕಡೆ" ಅನ್ನುವ ಮಾತಿನ ಮೇಲೆಯೇ ಇಡೀ ರಾಜ್ಯದ ಹೋಮ್‌ಸ್ಕೂಲಿಂಗ್ ನಿಂತಿದೆ. 1967ರಲ್ಲಿ ಮಾಸಾ ಅನ್ನುವ ಕೇಸಿನಲ್ಲಿ ಬರೀ ಹೈಸ್ಕೂಲ್ ಮುಗಿಸಿದ್ದ ಒಬ್ಬ ತಾಯಿ ಮಗಳಿಗೆ ತಾನೇ ಕಲಿಸುತ್ತಿದ್ದಳು. ಬೇರೆ ಮಕ್ಕಳ ಜೊತೆ ಬೆರೆಯದೆ ಶಾಲೆಗೆ ಸಮ ಹೇಗಾಗುತ್ತದೆ ಅಂತ ಎದುರು ಪಕ್ಷದವರು ಕೇಳಿದರು. ಸಮ ಅಂದರೆ ಓದಿನಲ್ಲಿ ಸಮ, ಅಷ್ಟೇ ಅಂತ ಕೋರ್ಟ್ ಹೇಳಿತು. ಆ ತಾಯಿ ಗೆದ್ದಳು. ನೀವು ಟೆಕ್ಸಸ್‌ನಿಂದ ನೇರವಾಗಿ ನ್ಯೂಜೆರ್ಸಿಗೆ ಬಂದರೆ, ಅಲ್ಲಿನ ಶಾಲೆಗೆ ಮಕ್ಕಳನ್ನು ಸೇರಿಸಿಯೇ ಇಲ್ಲದಿದ್ದರೆ, ಯಾರಿಗೂ ತಿಳಿಸಬೇಕಾಗಿಲ್ಲ. ಪರೀಕ್ಷೆಯೂ ಇಲ್ಲ. ಆದರೆ ಮಗು ಏನೂ ಕಲಿಯುತ್ತಿಲ್ಲ ಅಂತ ನಂಬುವಂಥ ಸುಳಿವು ಸಿಕ್ಕರೆ ಡಿಸ್ಟ್ರಿಕ್ಟ್, ಅಂದರೆ ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ, ನಿಮ್ಮನ್ನು ಕೇಳಬಹುದು. ಆಗ ತೋರಿಸಲು ಏನಾದರೂ ಬೇಕಲ್ಲ? ಏನೇನು ಓದಿಸಿದಿರಿ ಅನ್ನುವ ಒಂದು ಪಟ್ಟಿ, ತಿಂಗಳಿಗೆ ನಾಲ್ಕೈದು ಹಾಳೆ ಮಗುವಿನ ಬರಹ, ತಾರೀಖು ಹಾಕಿ ಇಡಿ. ಕಾನೂನು ಕೇಳದಿದ್ದರೂ ಇಡಿ.

ನದಿ ದಾಟಿದರೆ ಬೇರೆಯೇ ಲೋಕ. ಪೆನ್ಸಿಲ್ವೇನಿಯಾದಲ್ಲಿ ಇದಕ್ಕೆಂದೇ 1988ರಿಂದ ಒಂದು ಕಾನೂನಿದೆ, ಆಕ್ಟ್ 169 ಅನ್ನುತ್ತಾರೆ, ನಿಮ್ಮ ಅಕ್ಕ ಹೇಳಿದ್ದು ಅದನ್ನೇ. ಪಾಠ ಶುರು ಮಾಡುವ ಮುಂಚೆ ಡಿಸ್ಟ್ರಿಕ್ಟ್‌ನ ಮುಖ್ಯಸ್ಥರಾದ ಸೂಪರಿಂಟೆಂಡೆಂಟ್‌ಗೆ ಅಫಿಡವಿಟ್ ಕೊಡಬೇಕು, ಆಮೇಲೆ ಪ್ರತಿ ವರ್ಷ ಆಗಸ್ಟ್ 1ರ ಒಳಗೆ. ನೋಟರಿ ಮಾಡಿಸುವುದು ರೂಢಿ. ಬ್ಯಾಂಕಿನಲ್ಲಿ ಖಾತೆ ಇದ್ದರೆ ಎಷ್ಟೋ ಬ್ರ್ಯಾಂಚ್‌ಗಳಲ್ಲಿ ಪುಕ್ಕಟೆ ಮಾಡಿಕೊಡುತ್ತಾರೆ. ಅಫಿಡವಿಟ್ ಜೊತೆ ಒಂದೊಂದು ವಿಷಯದಲ್ಲಿ ಈ ವರ್ಷ ಏನು ಕಲಿಸುತ್ತೀರಿ ಅನ್ನುವ ಗುರಿಗಳ ಪಟ್ಟಿ, ಲಸಿಕೆಯ ದಾಖಲೆ, ಮನೆಯಲ್ಲಿರುವ ದೊಡ್ಡವರು ಯಾರಿಗೂ ಕಳೆದ ಐದು ವರ್ಷದಲ್ಲಿ ಕೆಲವು ಗಂಭೀರ ಅಪರಾಧಗಳಲ್ಲಿ ಶಿಕ್ಷೆ ಆಗಿಲ್ಲ ಅನ್ನುವ ಹೇಳಿಕೆ. ಅತ್ತೆಯವರು ನಿಮ್ಮ ಜೊತೆಗೇ ಇದ್ದರೆ ಅವರೂ ಲೆಕ್ಕಕ್ಕೆ ಬರುತ್ತಾರೆ, ಈ ವಿಷಯ ಅವರಿಗೆ ಹೇಳುವಾಗ ಸ್ವಲ್ಪ ನಗುತ್ತಾ ಹೇಳಿ! ಕಲಿಸುವ ತಾಯಿಗೋ ತಂದೆಗೋ ಹೈಸ್ಕೂಲ್ ಡಿಪ್ಲೊಮಾ ಅಥವಾ ಅದಕ್ಕೆ ಸಮನಾದ್ದು ಇರಬೇಕು. ನಿಮ್ಮ ಪಿಯುಸಿ ಅಂಕಪಟ್ಟಿ, ಡಿಗ್ರಿ ಸರ್ಟಿಫಿಕೇಟ್ ಊರಲ್ಲೇ ಬೀರುವಿನಲ್ಲಿದ್ದರೆ ಈಗಲೇ ಸ್ಕ್ಯಾನ್ ತರಿಸಿಕೊಳ್ಳಿ. ಲಸಿಕೆಗೂ ಇದೇ ಮಾತು. ಮಗಳು ಹುಟ್ಟಿದ್ದು ಊರಲ್ಲಾದರೆ ಮೊದಲ ಲಸಿಕೆಗಳೆಲ್ಲ ತಾಯಿ ಕಾರ್ಡಿನಲ್ಲೋ ಆಸ್ಪತ್ರೆಯ ಪುಸ್ತಕದಲ್ಲೋ ಕೈಬರಹದಲ್ಲಿರುತ್ತವೆ. ಟೆಕ್ಸಸ್ ಬಿಡುವ ಮುಂಚೆ ಮಕ್ಕಳ ಡಾಕ್ಟರ್ ಹತ್ತಿರ ಎಲ್ಲವೂ ಸೇರಿರುವ ಒಂದು ಪ್ರಿಂಟ್ ತಗೊಳ್ಳಿ.

ವರ್ಷಕ್ಕೆ 180 ದಿನ, ಇಲ್ಲವೇ ಚಿಕ್ಕ ತರಗತಿಗೆ 900 ಗಂಟೆ, ದೊಡ್ಡ ತರಗತಿಗೆ 990 ಗಂಟೆ. ಜುಲೈ 1ರಿಂದ ಜೂನ್ 30ಕ್ಕೆ ಒಂದು ವರ್ಷ ಅಂತ ಲೆಕ್ಕ. ದಿನ ಅಂದರೆ ಎಂಟೂವರೆಯಿಂದ ಮೂರು ಗಂಟೆ ಅಂತ ಎಲ್ಲೂ ಇಲ್ಲ. ಶನಿವಾರವೂ ಆಗುತ್ತದೆ. ನಾವು ಊರಿಗೆ ಬಂದಾಗಲೂ ಪಾಠ ನಿಲ್ಲಿಸುತ್ತಿರಲಿಲ್ಲ. ಹಳೇಬೀಡಿನಲ್ಲಿ ಕಳೆದ ಒಂದು ಇಡೀ ದಿನ ನಮ್ಮ ಫೈಲಿನಲ್ಲಿ ಚಿತ್ರಕಲೆ ಅಂತ ಇದೆ, ಜೊತೆಗೆ ಮಗಳು ಪೆನ್ಸಿಲ್‌ನಲ್ಲಿ ಬರೆದ ಆನೆಗಳ ಸಾಲೂ ಇದೆ.

ಫೈಲ್ ಅಂದೆ. ಅದನ್ನೇ ಪೋರ್ಟ್‌ಫೋಲಿಯೋ ಅನ್ನುವುದು. ಓದಿದ ಪುಸ್ತಕಗಳನ್ನು ಹೆಸರಿನ ಸಮೇತ ಬರೆದ ಲಾಗ್, ಮಗುವಿನ ಕೆಲಸದ ಮಾದರಿಗಳು, ಮತ್ತೆ 3, 5, 8ನೇ ಗ್ರೇಡ್‌ಗಳಲ್ಲಿ ಓದು ಮತ್ತು ಗಣಿತದ ಒಂದು ಸ್ಟ್ಯಾಂಡರ್ಡೈಸ್ಡ್ ಟೆಸ್ಟ್, ಅಂದರೆ ಎಲ್ಲ ಮಕ್ಕಳನ್ನೂ ಒಂದೇ ಅಳತೆಯಲ್ಲಿ ನೋಡುವ ಪರೀಕ್ಷೆ. ನಿಮ್ಮ ಮಗಳು ಈಗ ಮೂರನೇ ಗ್ರೇಡ್ ಅಲ್ವಾ? ಹಾಗಾಗಿ ನದಿಯ ಆ ದಡಕ್ಕೆ ಹೋದರೆ ಈ ವರ್ಷವೇ ಟೆಸ್ಟ್. ಅದನ್ನು ನೀವೇ ಮಾಡಿಸುವ ಹಾಗಿಲ್ಲ, ಬೇರೆಯವರು ಮಾಡಿಸಬೇಕು. ವರ್ಷದ ಕೊನೆಗೆ ಇವಾಲ್ಯುಯೇಟರ್, ಅಂದರೆ ಮೌಲ್ಯಮಾಪಕರು, ಒಬ್ಬರು ಫೈಲ್ ನೋಡಿ, ಮಗುವಿನ ಜೊತೆ ಮಾತಾಡಿ, ಸರಿಯಾದ ಕಲಿಕೆ ನಡೆಯುತ್ತಿದೆ ಅಂತ ಬರೆದುಕೊಡಬೇಕು, ಆ ಪತ್ರ ಜೂನ್ 30ರೊಳಗೆ ಡಿಸ್ಟ್ರಿಕ್ಟ್ ತಲುಪಬೇಕು. ಮೊದಲೆಲ್ಲ ಇಡೀ ಫೈಲನ್ನೇ ಹೊತ್ತುಕೊಂಡು ಹೋಗಿ ಸೂಪರಿಂಟೆಂಡೆಂಟ್ ಆಫೀಸಿಗೆ ಕೊಡಬೇಕಿತ್ತು. 2014ರ ತಿದ್ದುಪಡಿಯ ನಂತರ ಪತ್ರ ಒಂದೇ ಸಾಕು. ಹಳಬರು ಈಗಲೂ ಫೈಲ್ ಕೊಡಿ ಅನ್ನುತ್ತಾರೆ, ಅವರ ಮಾತಿಗೆ ಬಗ್ಗಬೇಡಿ. ಕಲಿಸಬೇಕಾದ ವಿಷಯಗಳ ಪಟ್ಟಿಯಲ್ಲಿ ಒಂದು ತಮಾಷೆಯದ್ದಿದೆ. ಬೆಂಕಿಯ ಅಪಾಯ ಮತ್ತು ಅದನ್ನು ತಡೆಯುವುದನ್ನು ಬಿಡದೆ ಕಲಿಸಬೇಕು! ತಮಾಷೆ ಅಂತ ಬಿಟ್ಟುಬಿಡಬೇಡಿ, ವರ್ಷಕ್ಕೆ ಎರಡು ಸಲ ಸ್ಮೋಕ್ ಅಲಾರ್ಮ್ ಬ್ಯಾಟರಿ ಬದಲಿಸುವಾಗ ಮಕ್ಕಳನ್ನು ಜೊತೆ ನಿಲ್ಲಿಸಿಕೊಂಡು ಫೈಲಿನಲ್ಲಿ ಬರೆಯಿರಿ. ಇನ್ನು ಮಗನ ವಿಷಯ. ಅಲ್ಲಿ ಕಡ್ಡಾಯ ವಯಸ್ಸು 6ರಿಂದ 18. 2020ರವರೆಗೆ 8ರಿಂದ ಶುರುವಾಗುತ್ತಿತ್ತು, ಹಳೆಯ ಮಾಹಿತಿ ಇನ್ನೂ ಓಡಾಡುತ್ತಿದೆ, ಎಚ್ಚರ.

ಇಷ್ಟೆಲ್ಲ ಕೇಳಿ ನ್ಯೂಜೆರ್ಸಿಯೇ ವಾಸಿ ಅನಿಸುತ್ತದೆ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಪೆನ್ಸಿಲ್ವೇನಿಯಾದ ಕಾಗದಪತ್ರ ಮೊದಲ ವರ್ಷ ತಲೆನೋವು, ಎರಡನೇ ವರ್ಷದಿಂದ ಒಂದು ಸಂಜೆಯ ಕೆಲಸ. ಟೆಕ್ಸಸ್‌ನಲ್ಲಿ ನನ್ನನ್ನು ಯಾರೂ ಏನೂ ಕೇಳದಿದ್ದಾಗ ನಾನು ಏನೂ ಬರೆದಿಡಲಿಲ್ಲ. ಮಗ ಹತ್ತನೇ ಗ್ರೇಡ್‌ಗೆ ಬಂದಾಗ ಹಿಂದಿನದಕ್ಕೆ ಒಂದು ತುಂಡು ಪುರಾವೆ ಇರಲಿಲ್ಲ. ಕಾನೂನು ಸಡಿಲ ಇರುವ ಕಡೆ ಶಿಸ್ತು ನಮ್ಮದೇ ಆಗಬೇಕು, ಅದು ಜಾಸ್ತಿ ಕಷ್ಟ.

ಬೇರೆ ರಾಜ್ಯಗಳ ವಿಚಾರ ಬೇಗ ಹೇಳಿಬಿಡುತ್ತೇನೆ, ಈ ಐಟಿ ಕೆಲಸದಲ್ಲಿ ಮುಂದಿನ ವರ್ಷ ಎಲ್ಲಿರುತ್ತೀರೋ ಯಾರಿಗೆ ಗೊತ್ತು. ನ್ಯೂಯಾರ್ಕ್ ಕಟ್ಟುನಿಟ್ಟು: ಜುಲೈ 1ರೊಳಗೆ, ವರ್ಷದ ನಡುವೆ ಶುರು ಮಾಡಿದರೆ 14 ದಿನದೊಳಗೆ ತಿಳಿಸಬೇಕು, ಆಮೇಲೆ ಪಾಠದ ಯೋಜನೆ, ಮೂರು ತಿಂಗಳಿಗೊಂದು ವರದಿ, ವರ್ಷದ ಕೊನೆಗೆ ಮೌಲ್ಯಮಾಪನ. ಕ್ಯಾಲಿಫೋರ್ನಿಯಾದಲ್ಲಿ ನೀವೇ ಒಂದು ಪುಟ್ಟ ಖಾಸಗಿ ಶಾಲೆ ಅಂತ ಅಕ್ಟೋಬರ್ 1ರಿಂದ 15ರ ನಡುವೆ ಅಫಿಡವಿಟ್ ಹಾಕುತ್ತೀರಿ, ಇಲ್ಲವೇ ಸರ್ಕಾರದ ಹಣದಲ್ಲಿ ಸ್ವತಂತ್ರವಾಗಿ ನಡೆಯುವ ಚಾರ್ಟರ್ ಶಾಲೆಯ ಮೂಲಕ ಮಾಡುತ್ತೀರಿ. ವಾಷಿಂಗ್ಟನ್ ರಾಜ್ಯದಲ್ಲಿ ಕಡ್ಡಾಯ ವಯಸ್ಸು 8ರಿಂದ, ಸೆಪ್ಟೆಂಬರ್ 15ರೊಳಗೆ ಡಿಕ್ಲರೇಷನ್. ತಾಯಿತಂದೆಗೆ ಒಂದಿಷ್ಟು ಕಾಲೇಜು ಕ್ರೆಡಿಟ್ ಅಥವಾ ಅದಕ್ಕೆಂದೇ ಇರುವ ಒಂದು ಕೋರ್ಸ್ ಆಗಿರಬೇಕು, ಇಲ್ಲದಿದ್ದರೆ ಅರ್ಹ ಶಿಕ್ಷಕರೊಬ್ಬರ ಉಸ್ತುವಾರಿ ಬೇಕು. ನಾರ್ತ್ ಕ್ಯಾರೊಲೈನಾದಲ್ಲಿ ನಿಮ್ಮ ಮನೆಶಾಲೆಗೆ ಒಂದು ಹೆಸರಿಡಬೇಕು, ಪ್ರತಿ ವರ್ಷ ಟೆಸ್ಟ್. ಮ್ಯಾಸಚೂಸೆಟ್ಸ್‌ನಲ್ಲಿ ಶುರು ಮಾಡುವ ಮುಂಚೆ ಡಿಸ್ಟ್ರಿಕ್ಟ್ ಒಪ್ಪಿಗೆ ಬೇಕು. ಎಲ್ಲ ಕಡೆಯೂ ಮೊದಲು ಓದಬೇಕಾದ್ದು ಆ ರಾಜ್ಯದ ಶಿಕ್ಷಣ ಇಲಾಖೆಯ ಪುಟವನ್ನು, ಅದರ ಜೊತೆ ಕಾನೂನಿನ ಮೂಲ ಪಠ್ಯವನ್ನು. ಎಚ್‌ಎಸ್‌ಎಲ್‌ಡಿಎ ಅಂತ, ಹೋಮ್‌ಸ್ಕೂಲಿಂಗ್ ಮಾಡುವವರಿಗೆ ಕಾನೂನಿನ ನೆರವು ಕೊಡುವ, 1983ರಿಂದ ಇರುವ ಸಂಘಟನೆಯ ಸಾರಾಂಶಗಳು ಚೆನ್ನಾಗಿವೆ. ಆದರೆ ಅದು ಕ್ರಿಶ್ಚಿಯನ್ ಹಿನ್ನೆಲೆಯ, ತನ್ನದೇ ನಿಲುವುಗಳಿರುವ ಸಂಘಟನೆ, ಅದನ್ನು ಗಮನದಲ್ಲಿಟ್ಟುಕೊಂಡು ಓದಿ. ವಾಟ್ಸಾಪ್ ಗುಂಪಿನಲ್ಲಿ ಬಂದದ್ದನ್ನು ಮಾತ್ರ ಕೊನೆಗೆ ಓದಿ.

ವೀಸಾ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸ್ವಂತ ಮಕ್ಕಳಿಗೆ ಕಲಿಸುವುದು ಕೆಲಸ ಅಲ್ಲ. ಎಚ್-4ನಲ್ಲಿದ್ದೇ ಧಾರಾಳವಾಗಿ ಮಾಡಬಹುದು. ಆದರೆ ನಾಲ್ಕು ಮನೆಯ ಮಕ್ಕಳನ್ನು ಸೇರಿಸಿಕೊಂಡು ಫೀ ತಗೊಂಡು ಪಾಠ ಮಾಡಿದರೆ ಅದು ಕೆಲಸ, ಅದಕ್ಕೆ ವರ್ಕ್ ಪರ್ಮಿಟ್ ಬೇಕು. ನಮ್ಮವರಲ್ಲಿ ಇದು ಬಹಳ ಸಹಜವಾಗಿ ಶುರುವಾಗುತ್ತದೆ, "ನಮ್ಮ ಮಗೂಗೂ ಸ್ವಲ್ಪ ಗಣಿತ ಹೇಳ್ಕೊಡಿ, ಏನಾದ್ರೂ ಕೊಡ್ತೀವಿ" ಅಂತ. ಬೇಡ ಅನ್ನಿ. ಮಕ್ಕಳಲ್ಲಿ ಯಾರಿಗಾದರೂ ಶಾಲೆಯಲ್ಲಿ ಸ್ಪೀಚ್ ಥೆರಪಿ ಥರದ ಸಹಾಯ ಸಿಗುತ್ತಿದ್ದರೆ, ಬಿಡಿಸಿದ ಮೇಲೆ ಅದು ಹಾಗೇ ಮುಂದುವರಿಯುತ್ತದೆ ಅಂದುಕೊಳ್ಳಬೇಡಿ. ಪತ್ರ ಕೊಡುವ ಮುಂಚೆಯೇ ವಿಚಾರಿಸಿ.

ಅತ್ತೆಯವರ ಭಯ. ಅವರನ್ನು ನೋಡಿ ನಗಬೇಡಿ, ಆ ಭಯಕ್ಕೆ ಒಂದು ಸಣ್ಣ ಬುಡ ಇದೆ. ಬೆಳಗ್ಗೆ ಹನ್ನೊಂದಕ್ಕೆ ಮಕ್ಕಳು ಪಾರ್ಕಿನಲ್ಲಿದ್ದರೆ ಯಾರೋ ನೆರೆಯವರು ಫೋನ್ ಮಾಡಬಹುದು, ಯಾರೋ ಬಾಗಿಲು ತಟ್ಟಬಹುದು. ಮನೆಯಲ್ಲೇ ಓದಿಸುತ್ತೇವೆ ಅನ್ನುವ ಕಾರಣ ಒಂದಕ್ಕೇ ಮಕ್ಕಳನ್ನು ಕರೆದುಕೊಂಡು ಹೋಗುವ ಹಾಗಿಲ್ಲ. ಬಂದವರ ಹೆಸರು, ಇಲಾಖೆ ಬರೆದುಕೊಳ್ಳಿ, ಬಾಗಿಲ ಹೊರಗೇ ನಿಂತು ನಯವಾಗಿ ಮಾತಾಡಿ, ಪತ್ರ ತಲುಪಿದ ಹಸಿರು ಕಾರ್ಡಿನ ಪ್ರತಿ ತೋರಿಸಿ. ಕೋರ್ಟಿನ ಆದೇಶ ಇಲ್ಲದೆ ಒಳಗೆ ಬರುತ್ತೇವೆ ಅಂದರೆ ವಕೀಲರ ಜೊತೆ ಮಾತಾಡಿ ತಿಳಿಸುತ್ತೇನೆ ಅನ್ನಿ. ಅತ್ತೆಯವರಿಗೆ ಇಂಗ್ಲಿಷ್ ಕಷ್ಟವಾದರೆ, ನೀವು ಇಲ್ಲದಾಗ ಬಾಗಿಲು ತೆಗೆಯುವುದೇ ಬೇಡ ಅಂತ ಹೇಳಿಟ್ಟರೆ ಸಾಕು.

ಊರಿಗೆ ವಾಪಸ್ ಬರುವ ವಿಚಾರ. ಭಾರತದಲ್ಲಿ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳದ್ದು. ಶಾಲೆಗೆ ಸೇರದೆ ಉಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಅಂತ ಅದರಲ್ಲೇ ಇದೆ. ಖಾಸಗಿ ಶಾಲೆಗಳು ಕಾಗದ ಕೇಳುತ್ತವೆ, ಆಗ ಆ ಟೆಸ್ಟ್ ಫಲಿತಾಂಶ, ಇವಾಲ್ಯುಯೇಟರ್ ಪತ್ರ ಕೈಲಿದ್ದರೆ ಮಾತು ಸುಲಭ. ಮಕ್ಕಳು ದೊಡ್ಡವರಾದ ಮೇಲೆ ಬಂದರೆ ಎನ್‌ಐಒಎಸ್ ಅನ್ನುವ ಕೇಂದ್ರ ಸರ್ಕಾರದ ಮುಕ್ತ ಶಾಲೆ ಇದೆ, 14 ತುಂಬಿದರೆ ಹತ್ತನೇ ತರಗತಿ, 15 ತುಂಬಿದರೆ ಹನ್ನೆರಡನೆಯದಕ್ಕೆ ಕಟ್ಟಬಹುದು. ಇನ್ನೊಂದು, ಕರ್ನಾಟಕದಲ್ಲಿ 2015ರ ಕಾಯ್ದೆಯ ಪ್ರಕಾರ ಶಾಲೆಗಳಲ್ಲಿ ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಬೇಕು. ಆದ್ದರಿಂದ ಈಗಿನಿಂದಲೇ ದಿನಕ್ಕೆ ಅರ್ಧ ಗಂಟೆ ಕನ್ನಡ ಓದು ಬರಹ ಇಟ್ಟುಕೊಳ್ಳಿ, ಲಾಗಿನಲ್ಲಿ ಆ ಪುಸ್ತಕಗಳ ಹೆಸರನ್ನೂ ಬರೆಯಿರಿ.

ಈ ವಾರ ಮಾಡಬೇಕಾದ್ದು ಎರಡೇ: ಇಬ್ಬರು ಮಕ್ಕಳಿಗೂ ಪತ್ರ, ಡಾಕ್ಟರ್ ಹತ್ತಿರ ಲಸಿಕೆಯ ಪ್ರಿಂಟ್. ಮನೆ ಯಾವ ದಡದಲ್ಲಿ ಸಿಕ್ಕಿತು ಅಂತ ಆಮೇಲೆ ಬರೆದು ತಿಳಿಸಿ. ಯಾರ್ಡ್ಲಿ ಕಡೆ ಅಂತಾದರೆ ಬೇಗ ತಿಳಿಸಿ, ಒಳ್ಳೆಯ ಇವಾಲ್ಯುಯೇಟರ್‌ಗಳ ಮೇ, ಜೂನ್ ತಿಂಗಳ ದಿನಗಳು ಚಳಿಗಾಲದಲ್ಲೇ ತುಂಬಿಹೋಗಿರುತ್ತವೆ.